ಗಾದಿಯ ಮೇಲಣ ಅಣುವ್ರತ

ಸೌರಾಷ್ಟ್ರದ ವವಾಣಿಯಾದಲ್ಲಿ ೧೮೬೭ರಲ್ಲಿ ಜನಿಸಿದ ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ಮುತ್ತುರತ್ನಗಳ ವ್ಯಾಪಾರಿಗಳಾಗಿದ್ದರು. ವ್ಯವಹಾರ ಮುಗಿದೊಡನೆ ಅವರ ಕೈ ಬಳಿಯಲ್ಲಿದ್ದ ಧರ್ಮಗ್ರಂಥದತ್ತ ಹೋಗುತ್ತಿದ್ದುದನ್ನು, ೧೮೯೧ರಲ್ಲಿ ಪರಿಚಿತರಾದ ಗಾಂಧೀಜಿಯವರು ಕಂಡಿದ್ದರು.

ಅವರ ಚರಿತ್ರಕಾರರು ಹೇಳುವ ಪ್ರಸಂಗವೊಂದುಂಟು. ಗೊತ್ತಾದ ಬೆಲೆಗೆ ರತ್ನಗಳನ್ನು ಒದಗಿಸುವೆನೆಂದು ಒಬ್ಬ ವರ್ತಕನು ಇವರಿಗೆ ಕರಾರು ಬರೆದುಕೊಟ್ಟಿದ್ದನು. ಅಷ್ಟರಲ್ಲಿ ಧಾರಣೆ ವಿಪರೀತ ಏರಿತು. ಕರಾರಿನಂತೆ ನಡೆದರೆ ಆತನ ಮನೆಮಾರು ಉಳಿಯುವಂತಿರಲಿಲ್ಲ. ಕಾನೂನು ರಾಜಚಂದ್ರರ ಪರವಾಗಿತ್ತು. ಪೇಟೆಯೂ ಅದನ್ನು ನ್ಯಾಯವಾದ ಲಾಭವೆಂದೇ ಒಪ್ಪುತ್ತಿತ್ತು. ಅಚೌರ್ಯಾಣುವ್ರತಕ್ಕೂ ಮೇಲುನೋಟಕ್ಕೆ ಭಂಗವಿರಲಿಲ್ಲ. ಆದರೂ ಅದು ಹಿಂಸೆಯೇ ಎಂದು ಅವರು ಬಗೆದರು. ಉಪವಾಸದಂದು ಅನ್ನ ಬಿಡುವುದು ನಮಗೆ ಅಭ್ಯಾಸವಾಗಿದೆ. ಕೈಗೆ ಬಂದ ಹಣವನ್ನು ಬಿಡುವುದೋ?

ರಾಜಚಂದ್ರರು ತಾವಾಗಿಯೇ ವರ್ತಕನ ಅಂಗಡಿಗೆ ನಡೆದರು. ಆತನು ಕಂಗಾಲಾಗಿ ಕಾಲಾವಕಾಶ ಬೇಡಿದನು. ಅವರು ಆತನ ಎದುರಿನಲ್ಲೇ ಕರಾರುಪತ್ರವನ್ನು ಹರಿದುಹಾಕಿದರು.