ಒಂದು ಸಿಂಫನಿಯ ಇಪ್ಪತ್ತು ವರ್ಷ

ಸುವರ್ಣ ಮಹೋತ್ಸವದ ಸ್ವಾಗತ ಗೀತೆಗೆ ಧಾಟಿ ಹಾಕಿಕೊಡುತ್ತೇನೆಂದು ನಮ್ಮ ಮೇಷ್ಟ್ರಿಗೆ ಒಪ್ಪಿಕೊಂಡು ಎಂಟು ತಿಂಗಳಾಗಿತ್ತು. ರಾತ್ರಿ ಕೀಬೋರ್ಡಿನಲ್ಲಿ ನುಡಿಸುವುದು, ಬೆಳಿಗ್ಗೆ ಕೇಳಿ ಅಳಿಸುವುದು, ಇದೇ ಆಗಿತ್ತು. ಆಗ ಓದಿದ್ದು ಯೊಹಾನೆಸ್ ಬ್ರಾಮ್ಸ್ ಅವರ ಬದುಕು.

ಬ್ರಾಮ್ಸ್ ಹುಟ್ಟಿದ್ದು 1833ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ವಾದ್ಯ ನುಡಿಸಿ ಸಂಸಾರ ಸಾಗಿಸುತ್ತಿದ್ದವರು. ಇಪ್ಪತ್ತನೆಯ ವಯಸ್ಸಿನಲ್ಲಿ ಬ್ರಾಮ್ಸ್, ಹೆಸರಾಂತ ಸಂಗೀತಗಾರ ರಾಬರ್ಟ್ ಶೂಮನ್ ಅವರ ಮನೆಗೆ ಹೋಗಿ ಪಿಯಾನೊ ನುಡಿಸಿದರು. ಶೂಮನ್ ಬೆರಗಾಗಿ, ಮುಂದಿನ ಕಾಲ ಈ ಹುಡುಗನದೇ ಎಂಬರ್ಥದಲ್ಲಿ ಪತ್ರಿಕೆಯಲ್ಲಿ ಬರೆದುಬಿಟ್ಟರು. ಆ ಹೊಗಳಿಕೆಯೇ ಹೊರೆಯಾಯಿತೆಂದು ನನ್ನ ಅನಿಸಿಕೆ. ರ‍್ಯಾಂಕ್ ಬರುತ್ತದೆಂದು ಊರೆಲ್ಲ ಹೇಳಿದ ಹುಡುಗನ ಪಾಡು ನಮಗೆ ಗೊತ್ತಿಲ್ಲವೇ?

ಎಲ್ಲರೂ ಕಾದದ್ದು ಅವರ ಸಿಂಫನಿಗೆ. ಸಿಂಫನಿ ಎಂದರೆ ಹತ್ತಾರು ವಾದ್ಯಗಳು ಕೂಡಿ ನುಡಿಸುವ, ಸಾಮಾನ್ಯವಾಗಿ ನಾಲ್ಕು ಭಾಗಗಳ ದೊಡ್ಡ ಕೃತಿ. ಪ್ರತಿ ವಾದ್ಯದ ಪ್ರತಿ ಸ್ವರವನ್ನೂ ಬರೆದಿಡಬೇಕು. ಬೀಥೋವನ್ ಅಂಥ ಒಂಬತ್ತನ್ನು ಬರೆದಿಟ್ಟು 1827ರಲ್ಲೇ ತೀರಿಕೊಂಡಿದ್ದರು. ಅವುಗಳ ಪಕ್ಕದಲ್ಲಿ ತನ್ನದನ್ನು ಇಡುವುದು ಹೇಗೆಂಬ ಅಳುಕು ಬ್ರಾಮ್ಸ್‌ಗೆ. 1862ರಲ್ಲಿ ಮೊದಲ ಭಾಗದ ಕರಡನ್ನು ಶೂಮನ್‌ರ ಪತ್ನಿ, ಪಿಯಾನೊ ವಾದಕಿ ಕ್ಲಾರಾ ಅವರಿಗೆ ತೋರಿಸಿದರು. ಆಮೇಲೆ ಹದಿನಾಲ್ಕು ವರ್ಷ ಅದು ಮುಗಿಯಲಿಲ್ಲ. ನಾಲ್ಕು ತಂತಿವಾದ್ಯಗಳ ಕೃತಿಗಳನ್ನಂತೂ 1873ರಲ್ಲಿ ಎರಡನ್ನು ಅಚ್ಚಿಗೆ ಕೊಡುವ ಮೊದಲು ಸುಮಾರು ಇಪ್ಪತ್ತನ್ನು ನಾಶ ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದರಂತೆ.

ಆದರೆ ಅವರು ಕೈಕಟ್ಟಿ ಕೂತಿರಲಿಲ್ಲ. ಗಾಯಕವೃಂದಕ್ಕಾಗಿ, ಪಿಯಾನೊಗಾಗಿ ಬರೆಯುತ್ತಲೇ ಇದ್ದರು. 1873ರಲ್ಲೇ ಹೈಡನ್ ಹೆಸರಿನಲ್ಲಿದ್ದ ಒಂದು ಧಾಟಿಯನ್ನು ಹಿಡಿದು, ಅದನ್ನೇ ಬಗೆಬಗೆಯಾಗಿ ಬದಲಿಸುತ್ತ ಪೂರ್ಣ ವಾದ್ಯವೃಂದಕ್ಕೆ ಒಂದು ಕೃತಿ ರಚಿಸಿದರು. ಅದು ಗೆದ್ದಿತು. ಕೈ ಪಳಗಿದ್ದು ಅಲ್ಲೇ ಇರಬೇಕು.

ಕೊನೆಗೆ 1876ರ ನವೆಂಬರ್ 4ರಂದು ಕಾರ್ಲ್ಸ್‌ರೂಹೆ ನಗರದಲ್ಲಿ ಮೊದಲ ಸಿಂಫನಿ ನುಡಿಯಿತು. ಬ್ರಾಮ್ಸ್‌ಗೆ ಆಗ 43. ಎರಡನೆಯದು ಮರು ಬೇಸಿಗೆಯಲ್ಲೇ, ಆಸ್ಟ್ರಿಯಾದ ಸರೋವರವೊಂದರ ದಂಡೆಯಲ್ಲಿ ಸಿದ್ಧವಾಯಿತು! 1897ರಲ್ಲಿ ವಿಯೆನ್ನಾದಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಲ್ಕು ಸಿಂಫನಿಗಳಾಗಿದ್ದವು.

ನನಗೆ ಹಿಡಿಸಿದ ಸಂಗತಿ ಇನ್ನೊಂದು. ಮೊದಲ ಸಿಂಫನಿಯನ್ನು ಜನ ಕೇಳಿಯಾದ ಮೇಲೂ ಅವರು ಅದರ ಎರಡನೆಯ ಭಾಗವನ್ನು ತಿದ್ದಿದರು, ಆಮೇಲೆ ಅಚ್ಚಿಗೆ ಕೊಟ್ಟರು. ಸಾಫ್ಟ್‌ವೇರ್‌ನಲ್ಲಿ ನಾವು ದಿನವೂ ಮಾಡುವುದು ಇದನ್ನೇ. ಹಾಡಿನ ವಿಷಯದಲ್ಲಿ ಮಾತ್ರ ನನಗೆ ಹೊಳೆದಿರಲಿಲ್ಲ.

ಕಳೆದ ಭಾನುವಾರ ಧಾಟಿಯನ್ನು ಮೇಷ್ಟ್ರಿಗೆ ಕಳಿಸಿದೆ. ಎರಡನೆಯ ಚರಣ ಹುಡುಗಿಯರಿಗೆ ಎತ್ತರದ ಶ್ರುತಿಯಾಯಿತಂತೆ. ಇಳಿಸುತ್ತಿದ್ದೇನೆ.