ಶ್ರೀ ಅಲ್ಲಮಪ್ರಭುದೇವರು ಕಂಡ ಒಳಬೆಳಗು

ಚನ್ನಗಿರಿಯಿಂದ ಪಡುವಣಕ್ಕೆ ಹೊರಟು, ಹೊನ್ನಾಳಿಯ ಬಳಿಯಲ್ಲಿ ತುಂಗಭದ್ರೆಯನ್ನು ದಾಟಿ ಮುಂದುವರಿದರೆ ಶಿಕಾರಿಪುರದ ಸೀಮೆಯು ಮೊದಲಾಗುವುದು. ಆ ಸೀಮೆಯ ಬಳ್ಳಿಗಾವೆಯೇ ಶ್ರೀ ಅಲ್ಲಮಪ್ರಭುದೇವರ ಜನ್ಮಭೂಮಿಯು. ಅಕ್ಕಮಹಾದೇವಿಯವರ ಉಡುತಡಿಯೂ ಅದಕ್ಕೆ ಸಮೀಪದಲ್ಲಿಯೇ ಇರುವುದು. ಚನ್ನಗಿರಿ ಹೊನ್ನಾಳಿಗಳು 1997ನೆಯ ಇಸವಿಯಲ್ಲಿ ದಾವಣಗೆರೆಯ ಜಿಲ್ಲೆಗೆ ಸೇರುವ ವರೆಗೂ ಬಳ್ಳಿಗಾವೆಯೊಡನೆ ಶಿವಮೊಗ್ಗೆಯ ಒಂದೇ ಜಿಲ್ಲೆಯೊಳಗೆ ಇದ್ದುವು. ಆದುದರಿಂದ ಈ ಭಾಗದ ಭಕ್ತರಿಗೆ ಪ್ರಭುದೇವರು ದೂರದ ಪುರಾಣಪುರುಷರಲ್ಲ, ನೆರೆಸೀಮೆಯವರು.

ಹನ್ನೆರಡನೆಯ ಶತಮಾನದ ಬಳ್ಳಿಗಾವೆಯು ಬನವಾಸಿನಾಡಿಗೆ ಕಳಶಪ್ರಾಯವಾದ ಪಟ್ಟಣವಾಗಿದ್ದಿತು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಅಂದಿನ ವೈಭವಕ್ಕೆ ಸಾಕ್ಷಿಯಾಗಿ ಇಂದಿಗೂ ನಿಂತಿವೆ. ಅಲ್ಲಿಯ ಕೋಡಿಯಮಠವು ವೇದವೇದಾಂಗ, ವ್ಯಾಕರಣ, ದರ್ಶನಗಳ ಪಾಠವು ನಡೆಯುತ್ತಿದ್ದ ಸ್ಥಳವೆಂದೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದ ಸ್ಥಳವೆಂದೂ 1162ನೆಯ ಇಸವಿಯ ಶಾಸನವು ಹೊಗಳುವುದು. ದೇವಾಲಯಗಳಿಗೆ ಕೊರತೆಯಿಲ್ಲ, ವಿದ್ವಾಂಸರಿಗೆ ಕೊರತೆಯಿಲ್ಲ, ನೃತ್ಯ ವಾದ್ಯಗಳಿಗೂ ಕೊರತೆಯಿಲ್ಲ. ಇಂತಹ ಊರಿನಲ್ಲಿ ಹುಟ್ಟಿದವರಿಗೆ ದೇವರನ್ನು ಹುಡುಕಿಕೊಂಡು ನೆಲದೊಳಗೆ ಇಳಿಯಬೇಕಾಗಿ ಬಂದಿತೆಂಬುದು ಆಲೋಚಿಸತಕ್ಕ ಸಂಗತಿಯು.

ಪ್ರಭುದೇವರ ಪೂರ್ವಾಶ್ರಮವನ್ನು ಇಬ್ಬರು ಮಹಾಕವಿಗಳು ಎರಡು ಬಗೆಯಾಗಿ ಹೇಳಿರುವರು. ಹರಿಹರನ ರಗಳೆಯಲ್ಲಿ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗನು, ಮದ್ದಳೆಯ ವಾದನದಲ್ಲಿ ಅಸಮಾನನು, ಕಮಲತೆಯೆಂಬ ಸುಂದರಿಯಲ್ಲಿ ಮನಸೋತು ಲೋಕವನ್ನೇ ಮರೆತ ತರುಣನು. ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಇದನ್ನು ಒಪ್ಪುವುದಿಲ್ಲ. ಅವನ ಅಲ್ಲಮನು ನಿರಹಂಕಾರ ಸುಜ್ಞಾನಿಯರ ಮಗನು; ಬನವಾಸಿಯ ಮಧುಕೇಶ್ವರನ ಸನ್ನಿಧಿಯಲ್ಲಿ ಮದ್ದಳೆಯನ್ನು ಬಾರಿಸಿ, ಮಾಯಾದೇವಿಯು ಎಷ್ಟು ಬಗೆಯಿಂದ ಬಲೆಯನ್ನು ಬೀಸಿದರೂ ಅದಕ್ಕೆ ಸಿಕ್ಕದೆ ಹೊರಟುಹೋದ ನಿರ್ಲಿಪ್ತನು. ಪ್ರಭುವಿನ ಮಹಿಮೆಗೆ ಕಲೆ ತಟ್ಟಬಾರದೆಂಬುದು ಚಾಮರಸನ ಭಕ್ತಿಯು. ಅದು ಗೌರವಕ್ಕೆ ಪಾತ್ರವಾದುದೇ ಸರಿ. ಆದರೆ ಸಂಸಾರದಲ್ಲಿ ಮುಳುಗಿ ಏಳುತ್ತಿರುವ ಸಾಧಕನಿಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನು. ಎಂದೂ ಕತ್ತಲೆಯನ್ನು ಕಾಣದವರ ಬೆಳಕಿಗಿಂತ ಕತ್ತಲೆಯಿಂದ ಎದ್ದುಬಂದವರ ಬೆಳಕು ನಮ್ಮಂಥವರಿಗೆ ಧೈರ್ಯವನ್ನು ಕೊಡುವುದಷ್ಟೆ.

ಕಮಲತೆಗೆ ಜ್ವರವು ಬಂದಿತು. ಅದರಲ್ಲಿಯೇ ಆಕೆಯು ತೀರಿಕೊಂಡಳು. ಅಲ್ಲಮನಿಗೆ ಊರು ಬೇಡವಾಯಿತು, ಮದ್ದಳೆಯು ಬೇಡವಾಯಿತು. ಬಂಧುಗಳ ಸಮಾಧಾನದ ಮಾತುಗಳು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮರುಳನಂತೆ ಅಲೆಯುತ್ತ ಅಲೆಯುತ್ತ ಒಂದು ತೋಟವನ್ನು ಹೊಕ್ಕು, ತಲೆತಗ್ಗಿಸಿ ಕುಳಿತು, ಯಾವ ಉದ್ದೇಶವೂ ಇಲ್ಲದೆ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ದುಃಖದಲ್ಲಿರುವವರು ಹೀಗೆ ಕೆರೆಯುವುದನ್ನು ಯಾರು ಕಂಡಿಲ್ಲ? ಆ ಮಣ್ಣಿನಲ್ಲಿ ಒಂದು ಕಳಶದ ತುದಿಯು ಕಾಣಿಸಿತು. ಕುತೂಹಲದಿಂದ ಅಗೆಯಿಸಿ ನೋಡಲು ಕಳಶದ ಕೆಳಗೆ ಶಿಖರ, ಶಿಖರದ ಕೆಳಗೆ ಹೂಳಿಹೋದ ಗುಡಿಯೊಂದು, ಅದಕ್ಕೆ ಮುಚ್ಚಿದ ಬಾಗಿಲು. ಅಲ್ಲಮನು ಬಾಗಿಲನ್ನು ತೆರೆದು ಒಬ್ಬನೇ ಒಳಹೊಕ್ಕನು.

ಒಳಗೆ ಅನಿಮಿಷಯ್ಯನವರು ಕುಳಿತಿದ್ದರು. ಹೆಸರಿಗೆ ತಕ್ಕಂತೆ ಅವರ ಕಣ್ಣಿನ ರೆಪ್ಪೆಗಳು ಅಲುಗುತ್ತಿರಲಿಲ್ಲ. ದೃಷ್ಟಿಯೆಲ್ಲವೂ ಅಂಗೈಯ ಮೇಲಿನ ಲಿಂಗದಲ್ಲಿ ನೆಟ್ಟಿದ್ದಿತು. ಅವರು ಉಪದೇಶವಾಕ್ಯಗಳನ್ನು ಹೇಳಲಿಲ್ಲ, ಶಾಸ್ತ್ರವನ್ನು ವಿವರಿಸಲಿಲ್ಲ. ಅವರ ಕರದಿಂದ ಅಲ್ಲಮನ ಕರಕ್ಕೆ ಲಿಂಗವು ಬಂದಿತು. ಲಿಂಗವು ಬಂದ ಕೂಡಲೆ ಅನಿಮಿಷಯ್ಯನವರ ಪ್ರಾಣವು ಬಯಲಾಯಿತು. ಗುರುದರ್ಶನ, ದೀಕ್ಷೆ, ಗುರುವಿಯೋಗಗಳು ಮೂರೂ ಒಂದೇ ಗಳಿಗೆಯಲ್ಲಿ ನಡೆದುಹೋದುವು. ಪ್ರಿಯಳ ಮರಣದಿಂದ ಕಂಗೆಟ್ಟು ಒಳಹೊಕ್ಕವನು ಗುರುವಿನ ಮರಣವನ್ನು ಕಣ್ಣಾರೆ ಕಂಡೂ ಕಂಗೆಡದೆ ಹೊರಬಂದನು. ಗುಡಿಯೊಳಗೆ ಹೋದವನು ಅಲ್ಲಮನು, ಹೊರಬಂದವರು ಪ್ರಭುದೇವರು. ಮುಂದೆ ಅವರ ವಚನಗಳೆಲ್ಲವೂ ಗುಹೇಶ್ವರನ ಅಂಕಿತವನ್ನು ಧರಿಸಿದುವು.

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ನೋಡುವ ಶಿವಯೋಗವು ನಿತ್ಯವೂ ನಡೆಯತಕ್ಕ ಕಾಯಕವು. ಮೊದಲು ಕಣ್ಣು ಲಿಂಗದಲ್ಲಿ ನಿಲ್ಲಬೇಕು. ಕಣ್ಣು ನಿಂತಲ್ಲಿ ಉಸಿರು ತಿಳಿಯಾಗುವುದು. ಉಸಿರು ತಿಳಿಯಾದಲ್ಲಿ ಮನಸ್ಸಿನ ಓಟವು ಕುಗ್ಗುವುದು. ಆಗ ಇಷ್ಟಲಿಂಗವೇ ಪ್ರಾಣಲಿಂಗವಾಗಿ, ಪ್ರಾಣಲಿಂಗವೇ ಭಾವಲಿಂಗವಾಗಿ ತೋರುವುದೆಂದು ಹಿರಿಯರ ಅನುಭಾವವು. ಕಾಣಿಸುವ ಬೆಳಕು ಹೊರಗಿನಿಂದ ಬಂದುದಲ್ಲ. ಬಳ್ಳಿಗಾವೆಯ ಆ ಗುಡಿಯನ್ನು ಯಾರೂ ಹೊಸದಾಗಿ ಕಟ್ಟಲಿಲ್ಲ. ಮೇಲಿನ ಮಣ್ಣನ್ನು ತೆಗೆದುದಷ್ಟೇ ಮಾಡಿದ ಕೆಲಸವು. ಚಾಮರಸನ ಕಾವ್ಯದಲ್ಲಿ ಬರುವ ತೋಟಿಗ ಗೊಗ್ಗಯ್ಯನ ಪ್ರಸಂಗವೂ ಇದೇ ಅರ್ಥವುಳ್ಳದ್ದು. ಹೊರಗಿನ ನೆಲವನ್ನು ಅಗೆದು ದಣಿಯುತ್ತಿದ್ದ ಅವನಿಗೆ ಪ್ರಭುದೇವರು ಅವನೊಳಗಿನ ನೆಲವನ್ನು ತೋರಿಸಿ, ಅಲ್ಲಿಯ ಕಳೆಯನ್ನು ಕೀಳುವ ಬಗೆಯನ್ನು ತಿಳಿಸಿದರು.

ಅನಂತರ ಪ್ರಭುದೇವರು ಒಂದೆಡೆಯಲ್ಲಿ ನಿಲ್ಲಲಿಲ್ಲ. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಗೋಳಿಡುತ್ತಿದ್ದ ಮುಕ್ತಾಯಕ್ಕನನ್ನು ಅವರು ಕಂಡ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುವುದು. ಅಜಗಣ್ಣನು ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಬಚ್ಚಿಟ್ಟವನು. ಮುಕ್ತಾಯಕ್ಕನಿಗೆ ಅಣ್ಣನೂ ಅವನೇ, ಗುರುವೂ ಅವನೇ. ಆಕೆಯು ಪ್ರಭುದೇವರ ಮಾತಿಗೆ ಒಡನೆಯೇ ತಲೆದೂಗಿದವಳಲ್ಲ. ಮಾತನಾಡುವವರೆಗೆ ಎರಡೆಂಬುದು ಉಳಿದೇ ಇರುವುದಲ್ಲವೆ ಎಂದು ಅವರನ್ನೇ ಪ್ರಶ್ನಿಸಿದಳು. ಪ್ರಭುದೇವರು ಕೋಪಗೊಳ್ಳದೆ, ಅವಸರಪಡದೆ, ಆಕೆಯ ದುಃಖವು ಅರಿವಾಗಿ ತಿರುಗುವ ವರೆಗೂ ಉತ್ತರಗಳನ್ನು ಕೊಟ್ಟರು. ಕಮಲತೆಗಾಗಿ ನೆಲವನ್ನು ಕೆರೆದವರಿಗೆ ಆ ಗೋಳಿನ ಬೆಲೆಯು ತಿಳಿದಿರಲೇಬೇಕು.

ಸೊನ್ನಲಿಗೆಯ ಸಿದ್ಧರಾಮಯ್ಯನವರ ಪ್ರಸಂಗವಾದರೋ ಈ ಭಾಗದವರಿಗೆ ಬೇಗನೆ ಮನಸ್ಸಿಗೆ ಹತ್ತುವಂಥದು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಏರಿಯನ್ನು ಹಾಕಿ ಹರಿದ್ರಾ ಹೊಳೆಯನ್ನು ತಡೆದ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಕಂಡವರಿಗೆ ಕೆರೆಯನ್ನು ಕಟ್ಟುವುದೆಂದರೆ ಎಷ್ಟು ಜನರ ಎಷ್ಟು ದಿನದ ಬೆವರೆಂಬುದನ್ನು ಹೇಳಬೇಕಾಗಿಲ್ಲ. ಸಿದ್ಧರಾಮಯ್ಯನವರು ಶ್ರೀಶೈಲದ ಮಲ್ಲಿನಾಥನಲ್ಲಿ ಅಚಲಭಕ್ತಿಯನ್ನಿಟ್ಟು, ಸೊನ್ನಲಿಗೆಯಲ್ಲಿ ಗುಡಿಗಳನ್ನು ಕಟ್ಟಿಸಿ, ಲೋಕೋಪಕಾರಕ್ಕಾಗಿ ಕೆರೆಯನ್ನು ತೋಡಿಸುತ್ತಿದ್ದರು. ಅಲ್ಲಿಗೆ ಪ್ರಭುದೇವರು ಬಂದು, ಕಲ್ಲು ಮಣ್ಣು ಹೊರಿಸುವ ಒಡ್ಡನೆಂಬ ಹೆಸರಿನಿಂದ ಅವರನ್ನು ಕೂಗಿ ಕರೆದರು. ಗುರುನಿಂದೆಯನ್ನು ಸಹಿಸದ ಕೆಲಸಗಾರರು ಕಲ್ಲುಗಳನ್ನು ಬೀರಿದರು. ಒಂದು ಕಲ್ಲೂ ಪ್ರಭುದೇವರ ಮೈಗೆ ತಾಗದೆ ಸುತ್ತಲೂ ಗುಡ್ಡೆಯಾಗಿ ಬಿದ್ದಿತು. ಸಿದ್ಧರಾಮಯ್ಯನವರೇ ಸಿಟ್ಟಿನಿಂದ ಬಂದು ಹಣೆಗಣ್ಣನ್ನು ತೆರೆದರೂ ಆ ಉರಿಯು ಪ್ರಭುದೇವರಲ್ಲಿ ಅಡಗಿಹೋಯಿತು. ಇಲ್ಲಿ ದುಡಿಮೆಯ ನಿಂದೆಯಿಲ್ಲ. ಕೆರೆಯು ಬೇಡವೆಂದು ಪ್ರಭುದೇವರು ಹೇಳಿದವರಲ್ಲ. ನೀರನ್ನು ತುಂಬಿಸುವವನು ತನ್ನೊಳಗೆ ಬರಿದಾಗಿ ಉಳಿಯಬಾರದು, ಕಟ್ಟಿಸಿದವನು ನಾನೆಂಬ ಭಾವವು ಏರಿಗಿಂತ ಎತ್ತರವಾಗಿ ಬೆಳೆಯಬಾರದು ಎಂಬುದೇ ಅವರ ಅಭಿಪ್ರಾಯವು. ಸಿದ್ಧರಾಮಯ್ಯನವರು ಅದನ್ನು ಅರಿತುಕೊಂಡು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು.

ಕಲ್ಯಾಣದಲ್ಲಿ ಬಸವಣ್ಣನವರು ಪ್ರಭುದೇವರನ್ನು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿ ಅನುಭಾವಗೋಷ್ಠಿಗೆ ಒಡೆಯರನ್ನಾಗಿ ಮಾಡಿದರು. ಬಿಜ್ಜಳನ ಭಂಡಾರಿಯು ಕೆಳಗೆ ಕೈಮುಗಿದು ನಿಂತರು, ಮದ್ದಳೆಯನ್ನು ಬಾರಿಸುತ್ತಿದ್ದವರು ಮೇಲೆ ಕುಳಿತರು. ಉಡುತಡಿಯ ಮಹಾದೇವಿಯಕ್ಕನು ಅಲ್ಲಿಗೆ ಬಂದಾಗ ಎಲ್ಲ ಶರಣರ ಎದುರಿನಲ್ಲಿ ಕಠಿನವಾಗಿ ಪರೀಕ್ಷಿಸಿದವರೂ ಪ್ರಭುದೇವರೇ, ಕೊನೆಗೆ ಆಕೆಯ ನಿಲವನ್ನು ಕೊಂಡಾಡಿದವರೂ ಅವರೇ. ಗೋರಕ್ಷನ ಕಥೆಯು ಎಲ್ಲರಿಗೂ ತಿಳಿದುದು: ವಜ್ರಕಾಯನೆಂದು ಹೆಮ್ಮೆಪಡುತ್ತಿದ್ದ ಆ ಸಿದ್ಧನ ಮೈಗೆ ಖಡ್ಗವು ತಗುಲಿದಾಗ ಖಣಿಲೆಂಬ ಶಬ್ದವಾಯಿತು, ಅದೇ ಖಡ್ಗವು ಪ್ರಭುದೇವರ ಮೈಯಲ್ಲಿ ಗಾಳಿಯಲ್ಲಿ ಹಾದುಹೋದಂತೆ ಹಾದುಹೋಯಿತು.

1167ರ ಸುಮಾರಿಗೆ ಬಿಜ್ಜಳನ ಆಳಿಕೆಯು ಮುಗಿದು ಕಲ್ಯಾಣವು ಕದಡಿತು. ಶರಣರು ದಿಕ್ಕುದಿಕ್ಕಿಗೆ ಚದರಿದರು. ಪ್ರಭುದೇವರು ಶ್ರೀಶೈಲದ ಕದಳೀವನದಲ್ಲಿ ಬಯಲಾದರೆಂದು ಸಂಪ್ರದಾಯವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಅವರ ಚರಿತ್ರೆಯನ್ನು ಹಾಡಿದನು. ಶಿವಗಣಪ್ರಸಾದಿ ಮಹಾದೇವಯ್ಯನವರು ಅವರ ವಚನಗಳನ್ನೂ ಶರಣರ ಸಂವಾದವನ್ನೂ ಹೆಣೆದು ಮೊದಲನೆಯ ಶೂನ್ಯಸಂಪಾದನೆಯನ್ನು ರಚಿಸಿದರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಬೆಳೆಯಿಸಿದರು. ವಿರಕ್ತಮಠಗಳು ತಮ್ಮ ಪರಂಪರೆಯನ್ನು ಎಣಿಸುವಾಗ ಶೂನ್ಯಪೀಠದ ಮೊದಲಿಗರಾಗಿ ಪ್ರಭುದೇವರನ್ನೂ, ಎರಡನೆಯವರಾಗಿ ಚೆನ್ನಬಸವಣ್ಣನವರನ್ನೂ ಸ್ಮರಿಸುವುವು. ಮೂರನೆಯವರು ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸುತ್ತಿದ್ದ ಸಿದ್ಧರಾಮಯ್ಯನವರು.