ಆಂಟ್‌ವರ್ಪಿನ ದಾರಿಯಲ್ಲಿ ಬೆಳಗಾವಿಯ ಓಟಗಾರ

ಒಲಿಂಪಿಕ್ ಕೂಟವೆಂದೊಡನೆ ನಮ್ಮವರಿಗೆ ನೆನಪಾಗುವುದು 1928ರಲ್ಲಿ ಗೆದ್ದ ಹಾಕಿಯ ಚಿನ್ನ. ಅದಕ್ಕೂ ಎಂಟು ವರ್ಷ ಮೊದಲೇ ಕನ್ನಡ ನಾಡಿನ ತರುಣರೊಬ್ಬರು ಆ ಕೂಟದ ಮ್ಯಾರಥಾನ್ ಓಡಿ ಮುಗಿಸಿದ್ದರೆಂಬುದನ್ನು ಬಲ್ಲವರು ವಿರಳ. ಅವರೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಬೆಳಗಾವಿ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದ ಕ್ರೀಡಾಕೇಂದ್ರಗಳಲ್ಲೊಂದಾದ ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಸರ್ ದೊರಾಬ್ಜಿ ತಾತಾ ಅಧ್ಯಕ್ಷರಾಗಿದ್ದರು. ಅಲ್ಲಿಯ ಪಂದ್ಯಗಳಲ್ಲಿ ರೈತಮಕ್ಕಳು ಬರಿಗಾಲಿನಲ್ಲಿ ಓಡುವುದನ್ನು ಅವರು ಕಂಡರು. ಶಿಕ್ಷಣವಿಲ್ಲದಿದ್ದರೂ ಆ ಓಟಗಾರರು ಯುರೋಪಿನವರಿಗೆ ತೀರ ಹಿಂದೆ ಬಿದ್ದವರಲ್ಲವೆಂದು ತಾತಾ ಅವರಿಗೆ ತೋರಿತು. ಒಲಿಂಪಿಕ್ಕಿನ ನೂರು ಮೀಟರ್ ಓಟಕ್ಕೆ ಅರ್ಹತೆ ಪಡೆಯಲು ಎಷ್ಟು ವೇಳೆ ಸಾಕೆಂದು ಅವರು ಕೇಳಿದಾಗ, ಜಿಮಖಾನಾದ ಗಣ್ಯರೊಬ್ಬರು ಒಂದೆರಡು ನಿಮಿಷವೆಂದರಂತೆ! ಕಾಲುಗಳು ಸಿದ್ಧವಾಗಿದ್ದುವು, ಗಡಿಯಾರದ ಅರಿವು ಮಾತ್ರ ಬಂದಿರಲಿಲ್ಲ. ತಾತಾ ಅವರ ಪ್ರಯತ್ನದಿಂದಲೂ ಧನಸಹಾಯದಿಂದಲೂ 1920ರಲ್ಲಿ ಭಾರತದ ಪುಟ್ಟ ತಂಡವೊಂದು ಬೆಲ್ಜಿಯಮ್ಮಿನ ಆಂಟ್‌ವರ್ಪಿಗೆ ಹಡಗನ್ನೇರಿತು. ಅದರಲ್ಲಿ ಚೌಗುಲೆಯವರೂ ಇದ್ದರು.

ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ದೂರ 42.75 ಕಿಲೋಮೀಟರು, ತುಮಕೂರಿನಿಂದ ಮಧುಗಿರಿಗೆ ಹೆಚ್ಚುಕಡಿಮೆ ಇರುವಷ್ಟು ದಾರಿ. ಮಳೆ, ಚಳಿ, ಅಪರಿಚಿತ ನೆಲ. ಫಿನ್‌ಲೆಂಡಿನ ಹಾನ್ನೆಸ್ ಕೊಲೆಮೈನೆನ್ ಗೆದ್ದರು. ಜೊತೆಗೆ ಹೊರಟಿದ್ದ ಸದಾಶಿವ ದಾತಾರರು ನಡುವೆಯೇ ನಿಲ್ಲಬೇಕಾಯಿತು. ಚೌಗುಲೆಯವರು ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಒಲಿಂಪಿಕ್ ಮ್ಯಾರಥಾನನ್ನು ಮುಗಿಸಿದ ಮೊದಲ ಭಾರತೀಯರು ಅವರು.

ಅದೇ ಓಟದಲ್ಲಿ ಅವರಿಗಿಂತ ಎರಡೇ ನಿಮಿಷ ಮುಂದೆ, ಹದಿನಾರನೆಯವರಾಗಿ ಬಂದವರು ಜಪಾನಿನ ಶಿಜೊ ಕನಕುರಿ. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಬಿಸಿಲಿಗೆ ಬಸವಳಿದು, ಓಟವನ್ನು ಅರ್ಧಕ್ಕೆ ಬಿಟ್ಟು ಯಾರಿಗೂ ತಿಳಿಸದೆ ಊರಿಗೆ ಮರಳಿದ್ದವರು ಅವರೇ. ಸ್ವೀಡನ್ನಿನವರು 1967ರಲ್ಲಿ ಆ ವೃದ್ಧರನ್ನು ಕರೆಸಿ, ಬಿಟ್ಟ ಓಟವನ್ನು ಮುಗಿಸಿಸಿದರು. ಐವತ್ತನಾಲ್ಕು ವರ್ಷಗಳನ್ನು ಮೀರಿದ ಆ ವೇಳೆ ಜಗತ್ಪ್ರಸಿದ್ಧವಾಯಿತು. ಸ್ವದೇಶದಲ್ಲಿ ದೂರದ ಓಟಕ್ಕೆ ನೀರೆರೆದ ಅವರನ್ನು ಜಪಾನು ಮರೆಯಲಿಲ್ಲ.

ಮುಗಿಸದ ಓಟವೊಂದು ಲೋಕದ ನೆನಪಿನಲ್ಲಿ ಉಳಿಯಿತು. ಮುಗಿಸಿದ ಓಟವೊಂದು ಹೆಚ್ಚಿನವರಿಗೆ ದಾಖಲೆಯ ಒಂದು ಸಾಲಷ್ಟೇ ಆಯಿತು. ಚೌಗುಲೆಯವರಿಗೆ ಪದಕ ಬರಲಿಲ್ಲ, ದಿಟ. ಆದರೆ ಗುರಿಯವರೆಗೆ ಓಡುವುದು ನಮ್ಮವರಿಗೂ ಸಾಧ್ಯವೆಂದು ಮೊದಲು ತೋರಿದ ಹೆಜ್ಜೆಗಳು ಅವರವು. ಆ ಹೆಜ್ಜೆಗಳನ್ನು ನೆನೆಯುವ ಋಣ ನಮ್ಮ ಮೇಲಿದೆ.